ಹಾಲಿನ ಲೆಕ್ಕವೂ ಬರವಣಿಗೆಯೇ!

ವಿದೇಶಕ್ಕೆ ಹೊರಟ ಮಕ್ಕಳ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ 11ರಿಂದ 14 ನಿಮಿಷ ಇಂಗ್ಲಿಷಿನಲ್ಲಿ ಮಾತನಾಡುವ ಭಾಗವೊಂದಿದೆ. ಮೊದಲ 4-5 ನಿಮಿಷ ಮನೆ, ಊರು, ಅಭ್ಯಾಸಗಳ ಪ್ರಶ್ನೆಗಳು. 'ಕೈಯಲ್ಲಿ ಬರೆಯುವುದು ಇಷ್ಟವೋ, ಟೈಪ್ ಮಾಡುವುದೋ?' ಎಂಬಂಥವು.

ನರ್ಸಿಂಗ್ ಮುಗಿಸಿದ ನನ್ನ ಮಗಳು ಇದಕ್ಕೆ ಪುಸ್ತಕದ ಉತ್ತರ ಉರು ಹೊಡೆಯುತ್ತಿದ್ದಳು. ಒಂದು ಪದ ಮರೆತರೆ ಮಾತೇ ನಿಂತುಹೋಗುತ್ತಿತ್ತು. "ನೀನು ದಿನಾ ಬರೆಯೋದೇನು, ಅದನ್ನೇ ಹೇಳೇ" ಅಂದೆ. ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ, ಗೆಳತಿಯರಿಗೆ ಫೋನಿನಲ್ಲಿ... ಮಾತು ಸರಾಗವಾಗಿ ಬಂತು!

ಅಲ್ಲಿ ಅಂಕ ನಿರರ್ಗಳತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆಗೆ. ನಿಮ್ಮ ಇಷ್ಟ ಯಾವುದೆಂಬುದಕ್ಕಲ್ಲ. ಒಂದೇ ಮಾತಿನ ಉತ್ತರವೂ ಸಾಲದು, ಕಾರಣ ಹೇಳಬೇಕು. ಆದ್ದರಿಂದ ಅಡಿಗೆ ಮಾಡುತ್ತಲೇ ಮಕ್ಕಳನ್ನು ಪ್ರಶ್ನೆ ಕೇಳಿ. ನಮಗೆ ಇಂಗ್ಲಿಷ್ ಬಾರದಿದ್ದರೇನು? 'ಯಾಕೆ?' ಎಂದು ಕೇಳಲು ಬರುತ್ತದಲ್ಲ!