ಒಂದು ಲೋಟ ಕಾಫಿ, ನಾಲ್ಕು ಮಂದಿ

ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ 'ಬೈ ಟು' ಪದ್ಧತಿ ನಮ್ಮ ಹೋಟೆಲುಗಳಿಗೆ ಹೊಸದಲ್ಲ. ಕ್ಯೂಬಾದವರು ಇದನ್ನೂ ಮೀರಿಸಿದವರು. 1959ರ ಕ್ರಾಂತಿಯ ನಂತರ ಆ ದ್ವೀಪದಿಂದ ಅಮೆರಿಕದ ಮಯಾಮಿಗೆ ಬಂದು ನೆಲೆಸಿದ ಲಕ್ಷಾಂತರ ಜನ ತಮ್ಮ ಕಾಫಿಯನ್ನೂ ಜೊತೆಗೆ ತಂದರು. ಅಲ್ಲಿನ ಅನೇಕ ಹೋಟೆಲುಗಳಲ್ಲಿ ರಸ್ತೆಯ ಕಡೆಗೆ ಒಂದು ಕಿಟಕಿ ಇರುತ್ತದೆ. ಅದರ ಮುಂದೆ ನಿಂತು ಕಾಫಿ ಕುಡಿಯುತ್ತಾ ರಾಜಕೀಯ, ಊರ ಸುದ್ದಿ ಮಾತನಾಡುವುದು ಅವರ ರೂಢಿ.

ಇದು ಹಾಲಿಲ್ಲದ ಗಟ್ಟಿ ಎಸ್ಪ್ರೆಸೊ ಕಾಫಿ. ಮೊದಲು ಇಳಿಯುವ ಕೆಲವು ತೊಟ್ಟುಗಳನ್ನು ಸಕ್ಕರೆಗೆ ಹಾಕಿ, ಬಿಳುಪೇರುವ ತನಕ ಚಮಚದಿಂದ ಬಡಿಯುತ್ತಾರೆ. ಉಳಿದ ಕಾಫಿಯನ್ನು ಅದರ ಮೇಲೆ ಸುರಿದರೆ ಕಂದು ನೊರೆ ಏಳುತ್ತದೆ. ನಾಲ್ಕೈದು ಮಂದಿಗೆ ಆಗುವಷ್ಟನ್ನು ಒಂದೇ ಲೋಟದಲ್ಲಿ ತುಂಬಿ, ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳೊಂದಿಗೆ ಕೊಟ್ಟರೆ ಅದು 'ಕೊಲಾಡಾ'. ಕಚೇರಿಯಲ್ಲಿ ಒಬ್ಬರು ತಂದು ಉಳಿದವರಿಗೆ ಹಂಚುತ್ತಾರೆ.

ಹೀಗೆ ಹಂಚುವುದರಿಂದ ಆರೋಗ್ಯಕ್ಕೂ ಲಾಭವಿದೆ. ಒಂದು ಎಸ್ಪ್ರೆಸೊದಲ್ಲಿ ಸುಮಾರು 60 ಮಿಲಿಗ್ರಾಂ ಕೆಫೀನ್ ಇರುತ್ತದೆ. ಲೋಟವನ್ನು ಒಬ್ಬರೇ ಮುಗಿಸಿದರೆ 240 ಮಿಲಿಗ್ರಾಂ ದಾಟಬಹುದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿ. ಗರ್ಭಿಣಿಯರಿಗೆ 200 ಮಾತ್ರ. ಅತಿಯಾದರೆ ಎದೆಬಡಿತ, ಕೈನಡುಕ, ನಿದ್ರಾಭಂಗ ಕಾಣಿಸುತ್ತವೆ.

ಸಕ್ಕರೆಯ ಲೆಕ್ಕವೂ ಹಾಗೆಯೇ. ಅಂಥ ಒಂದು ಲೋಟಕ್ಕೆ ನಾಲ್ಕು ಟೀ ಚಮಚ ಸಕ್ಕರೆ ಬಿದ್ದರೆ ಸುಮಾರು 16ರಿಂದ 20 ಗ್ರಾಂ ಆಯಿತು. ಆಹಾರಕ್ಕೆ ಬೆರೆಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಇನ್ನೂ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ, ಎರಡೆರಡು ಚಮಚ ಸಕ್ಕರೆಯ ಕಾಫಿ ಕುಡಿಯುವವರು ಕಾಫಿಯಲ್ಲೇ ಈ ಮಿತಿ ದಾಟಿರುತ್ತಾರೆ.

ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಕೂಡಲೇ ಕೆಲವರು ಗೆಳೆಯರೊಂದಿಗೆ ಹೋಟೆಲಿಗೆ ಹೋಗುವುದನ್ನೇ ನಿಲ್ಲಿಸುತ್ತಾರೆ. ಸಂಜೆಯ ಮಾತುಕತೆ ತಪ್ಪಿ ಮನಸ್ಸು ಮಂಕಾಗುತ್ತದೆ. ನಡೆದು ಹೋಗಿಬರುವ ವ್ಯಾಯಾಮವೂ ತಪ್ಪುತ್ತದೆ. ಇದು ಬೇಕಿಲ್ಲ. ಸಕ್ಕರೆ ಇಲ್ಲದ ಕಾಫಿ ಕೇಳಿ, ಬೈ ಟು ಮಾಡಿಸಿ. ಬೆಲ್ಲ ಪರ್ಯಾಯವಲ್ಲ, ಅದೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಒಮ್ಮೆಲೇ ಬಿಡಲಾಗದಿದ್ದರೆ ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ರಕ್ತಹೀನತೆ ಇರುವವರು ಊಟದ ಜೊತೆ ಕಾಫಿ ಕುಡಿಯಬಾರದು; ಅದು ಕಬ್ಬಿಣಾಂಶ ಹೀರಿಕೆಗೆ ಅಡ್ಡಿ. ನಿದ್ರೆ ಬಾರದವರು ಮಧ್ಯಾಹ್ನದ ನಂತರ ಕಾಫಿ ಬಿಟ್ಟು, ಗೆಳೆಯರ ಜೊತೆ ಕೂತು ಮಜ್ಜಿಗೆ ಕುಡಿಯಲಿ.