ದರೆ ಕುಸಿದಲ್ಲಿ ಶಾರ್ಕ್ ಹಲ್ಲು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಲಸ್ಬಿ ಊರಿನ ಬಳಿ ಕಾಲ್ವರ್ಟ್ ಕ್ಲಿಫ್ಸ್ ಉದ್ಯಾನವಿದೆ. ಕಾರು ನಿಲ್ಲಿಸಿ ಕಾಡುದಾರಿಯಲ್ಲಿ ಸುಮಾರು 3 ಕಿಲೋಮೀಟರ್ ನಡೆದರೆ ಚೆಸಪೀಕ್ ಕೊಲ್ಲಿಯ ದಂಡೆ. ಮಕ್ಕಳ ಕೈಯಲ್ಲಿ ಜರಡಿ, ಪುಟ್ಟ ಬಕೆಟ್ಟು. ದೊಡ್ಡವರ ಹೆಗಲಿಗೆ ನೀರು, ಬುತ್ತಿ. ಎಲ್ಲರೂ ಹೊರಟಿರುವುದು ಶಾರ್ಕ್ ಹಲ್ಲು ಹೆಕ್ಕಲು.

ಇಲ್ಲಿನ ಎತ್ತರದ ದರೆಗಳು ಗಟ್ಟಿ ಬಂಡೆಯವಲ್ಲ. ಮರಳು, ಹೂಳು, ಜೇಡಿಮಣ್ಣು ಪದರ ಪದರವಾಗಿ ಕೂತಿವೆ. ಒಂದರಿಂದ ಎರಡು ಕೋಟಿ ವರ್ಷಗಳ ಹಿಂದೆ, ಮಯೋಸೀನ್ ಕಾಲದಲ್ಲಿ, ಇಲ್ಲೆಲ್ಲ ಆಳವಿಲ್ಲದ ಬೆಚ್ಚನೆಯ ಕಡಲಿತ್ತು. ಆಗ ತಳ ಸೇರಿದ ತಿಮಿಂಗಿಲ, ಡಾಲ್ಫಿನ್, ತೊರಕೆ, ಶಂಖು, ಚಿಪ್ಪುಗಳ ಮೇಲೆ ಹೂಳು ಕೂತಿತು. 600ಕ್ಕೂ ಹೆಚ್ಚು ಪ್ರಭೇದಗಳ ಪಳೆಯುಳಿಕೆ ಈವರೆಗೆ ಸಿಕ್ಕಿವೆ. ಈಗ ಅಲೆ ಬುಡ ಕೊರೆಯುತ್ತದೆ, ಮಳೆ ಮೇಲಿನಿಂದ ಸಡಿಲಿಸುತ್ತದೆ, ದರೆ ಕುಸಿಯುತ್ತದೆ. ಮಣ್ಣು ತೊಳೆದುಹೋಗಿ ಹಲ್ಲು ದಂಡೆಗೆ ಬರುತ್ತದೆ.

ಹಲ್ಲೇ ಏಕೆ? ಶಾರ್ಕಿಗೆ ಎಲುಬಿಲ್ಲ; ಅದರ ಮೈಗೆ ಆಧಾರವಾದ ಮೃದ್ವಸ್ಥಿ ಬೇಗ ಕೊಳೆಯುತ್ತದೆ. ಹಲ್ಲು ಮಾತ್ರ ಗಟ್ಟಿ. ಅದೂ ಸಾಲು ಸಾಲಾಗಿ: ಮುಂದಿನದು ಉದುರಿದರೆ ಹಿಂದಿನದು ಜಾಗ ಹಿಡಿಯುತ್ತದೆ. ಒಂದೇ ಶಾರ್ಕ್ ಬದುಕಿಡೀ ಸಾವಿರಾರು ಹಲ್ಲು ಉದುರಿಸಬಲ್ಲದು. ಮಣ್ಣಿನ ಖನಿಜ ಹೀರಿ ಅವು ಬೂದು, ಕಪ್ಪು ಬಣ್ಣಕ್ಕೆ ತಿರುಗಿರುತ್ತವೆ.

ಇಳಿತದ ಹೊತ್ತು ಹುಡುಕಲು ಒಳ್ಳೆಯದು. ಬಿರುಗಾಳಿ ಬೀಸಿ ನಿಂತ ಮೇಲಂತೂ ಇನ್ನೂ ಒಳ್ಳೆಯದು. ಅಲೆ ಚಿಪ್ಪು, ನೊರಜುಗಲ್ಲು ಬಿಟ್ಟುಹೋದ ಗೆರೆಯಲ್ಲಿ ಕಪ್ಪಗೆ ಹೊಳೆಯುವ ಮುಕ್ಕೋನ ಕಾಣಬೇಕು. ಬಹುಪಾಲು ಹಲ್ಲುಗಳು ಉಗುರಿನಷ್ಟೇ. ಮೆಗಲೊಡಾನ್ ಎಂಬ ದೈತ್ಯ ಶಾರ್ಕಿನ ಅಂಗೈ ತುಂಬುವ ಹಲ್ಲು ತೀರ ಅಪರೂಪ. ಅದೊಂದೇ ಆಸೆ ಹೊತ್ತು ಬಂದವರಿಗೆ ಈ ದಂಡೆ ಬೇಸರ ತರಿಸೀತು. ಮಂಡಿಯೂರಿ ಕೂತು ಮರಳು ಕೆದಕಿದಷ್ಟೂ ದಣಿಯದ ಮಕ್ಕಳಿಗೆ ಮಾತ್ರ ಇದು ಇಡೀ ದಿನದ ಸಂಭ್ರಮ.

ದರೆಯ ಬುಡಕ್ಕೆ ಹೋಗುವಂತಿಲ್ಲ, ಅದನ್ನು ಅಗೆಯುವಂತಿಲ್ಲ. ಕುಸಿತ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು. ದಂಡೆಯಲ್ಲಿ ಸಿಕ್ಕಿದ್ದನ್ನು ಮನೆಗೆ ಒಯ್ಯಬಹುದು. ಬೇಕಾದ್ದನ್ನು ಅಲೆಯೇ ತಂದುಕೊಡುವಾಗ ದರೆಗೆ ಹಾರೆ ಹಾಕುವ ಅಗತ್ಯವಾದರೂ ಏನು?

ಮರಳುವಾಗ ಸಾಲೊಮನ್ಸ್ ಊರಿನ ಕಾಲ್ವರ್ಟ್ ಸಾಗರ ಸಂಗ್ರಹಾಲಯಕ್ಕೆ ಹೋಗಲೇಬೇಕು. ಬಾಯಿ ತೆರೆದು ನಿಂತ ಮೆಗಲೊಡಾನ್ ಅಸ್ಥಿಪಂಜರದ 35 ಅಡಿಯ ಮಾದರಿ ಅಲ್ಲಿದೆ. ಬಕೆಟ್ಟಿನಲ್ಲಿರುವ ಹಲ್ಲು ಯಾವ ಶಾರ್ಕಿನದೆಂದು ಅಲ್ಲಿನ ಸಂಗ್ರಹದೊಂದಿಗೆ ಹೋಲಿಸಿ ನೋಡಬಹುದು. ದರೆಯಲ್ಲಿ ತಿಮಿಂಗಿಲದ ತಲೆಬುರುಡೆಯಂಥದ್ದೇನಾದರೂ ಹೊರಚಾಚಿರುವುದು ದೂರದಿಂದ ಕಂಡಿದ್ದರೆ, ತಿಳಿಸಬೇಕಾದದ್ದೂ ಅಲ್ಲಿನ ತಜ್ಞರಿಗೇ.