ದಂತವೈದ್ಯ ಮಕ್ಕಳ ದುಡಿಮೆ: ಪಾಲೆಷ್ಟು, ತೆರಿಗೆಯೆಷ್ಟು?

ಐದು ವರ್ಷ ಬಿ.ಡಿ.ಎಸ್. ಓದಿ, ಶಿಕ್ಷಣ ಸಾಲದ ಹೊರೆ ಹೊತ್ತು ಬರುವ ನಮ್ಮ ಮಕ್ಕಳಿಗೆ ಸ್ವಂತ ಕ್ಲಿನಿಕ್ ತೆರೆಯುವುದು ಕೂಡಲೇ ಆಗುವ ಮಾತಲ್ಲ. ಮಂಜೇಶ್ವರ, ಕುಂಬಳೆ ಕಡೆಯವರು ತಲಪಾಡಿ ದಾಟಿ ಮಂಗಳೂರಿನ ಕ್ಲಿನಿಕ್‌ಗಳಲ್ಲಿ ಅಸೋಸಿಯೇಟ್ ಆಗಿ ದುಡಿಯುವುದುಂಟು. ಕೆಲಸ ಸಿಕ್ಕಿದ ಸಂತೋಷದಲ್ಲಿ ನಾವು ಲೆಕ್ಕದ ಮಾತು ಮರೆಯಬಾರದು.

ಮೊದಲು ಕೇಳಬೇಕಾದದ್ದು: ಸಂಬಳವೋ, ಪಾಲೋ? ಸಂಬಳವಾದರೆ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂ. ನೇರ ಕಡಿತವಿದೆ. ಪಾಲು ಪಡೆಯುವವರು ನೌಕರರಲ್ಲ; ಅವರಿಗೆ ಆ ಕಡಿತವೂ ಇಲ್ಲ, ಭವಿಷ್ಯನಿಧಿಯೂ ಇಲ್ಲ, ಸಂಬಳ ಸಹಿತ ರಜೆಯೂ ಇಲ್ಲ.

ಪಾಲು ಯಾವುದರ ಮೇಲೆ ಎಂಬುದೂ ಮುಖ್ಯ. ಹಲ್ಲಿನ ಕ್ಯಾಪ್‌ಗೆ ರೋಗಿ 6,000 ರೂ. ಕೊಟ್ಟರು, ಲ್ಯಾಬ್ ಬಿಲ್ಲು 1,500 ರೂ. ಎನ್ನೋಣ. ಪೂರ್ತಿ ಹಣದ ಮೇಲೆ ಶೇ. 40 ಎಂದರೆ 2,400 ರೂ.; ಲ್ಯಾಬ್ ಖರ್ಚು ಕಳೆದ ಮೇಲೆ ಎಂದರೆ 1,800 ರೂ. ಒಂದೇ ಹಲ್ಲಿಗೆ 600 ರೂ. ವ್ಯತ್ಯಾಸ! ಇದನ್ನು ಬಾಯಿಮಾತಿಗೆ ಬಿಡದೆ ಕಾಗದದಲ್ಲಿ ಬರೆಸಿಕೊಳ್ಳೋಣ.

ಈಗ ತೆರಿಗೆ. ಆಸ್ಪತ್ರೆ ಅಥವಾ ದೊಡ್ಡ ಕ್ಲಿನಿಕ್ ಕೊಡುವ ಪಾಲು ವರ್ಷಕ್ಕೆ 50,000 ರೂ. ಮೀರಿದರೆ ಶೇ. 10ರಷ್ಟು ಟಿ.ಡಿ.ಎಸ್. ಮುರಿದುಕೊಳ್ಳುತ್ತಾರೆ. ಆ ಹಣ ಹೋಗಿಯೇಬಿಟ್ಟಿತು ಎಂದು ಕೈಚೆಲ್ಲಬೇಕಾಗಿಲ್ಲ. 1961ರ ಕಾಯ್ದೆಯ 44ಎಡಿಎ ಕಲಮಿನಂತೆ ವೈದ್ಯವೃತ್ತಿಯವರು ಒಟ್ಟು ಸಂಪಾದನೆಯ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸಬಹುದು. ಖರ್ಚಿನ ಪುಸ್ತಕ ಇಡಬೇಕಿಲ್ಲ. ಸಂಪಾದನೆ 50 ಲಕ್ಷ ರೂ. ಮೀರಿರಬಾರದು, ನಗದು ಶೇ. 5ಕ್ಕಿಂತ ಹೆಚ್ಚಿಲ್ಲದಿದ್ದರೆ ಮಿತಿ 75 ಲಕ್ಷ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲೂ ಈ ಸೌಲಭ್ಯವಿದೆ, ಕಲಮಿನ ಸಂಖ್ಯೆ ಮಾತ್ರ ಬೇರೆ.

ವರ್ಷಕ್ಕೆ 8 ಲಕ್ಷ ರೂ. ಪಾಲು ಪಡೆದವರಿಂದ 80,000 ರೂ. ಮುರಿದಿರುತ್ತಾರೆ. ಅರ್ಧ, ಅಂದರೆ 4 ಲಕ್ಷ ಆದಾಯಕ್ಕೆ 2025-26ರಿಂದ ಹೊಸ ಪದ್ಧತಿಯಲ್ಲಿ ತೆರಿಗೆಯಿಲ್ಲ. ಬೇರೆ ಆದಾಯವಿಲ್ಲದಿದ್ದರೆ ಇಡೀ 80,000 ರೂ. ಮರಳಿ ಬರುತ್ತದೆ, ಆದರೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ. ತೆರಿಗೆ ಕಟ್ಟಬೇಕಾಗಿ ಬರುವವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ತುಂಬಬೇಕು.

ಆದಾಯ ತೆರಿಗೆ ಗಡಿಯ ಎರಡೂ ಕಡೆ ಒಂದೇ. ವೃತ್ತಿ ತೆರಿಗೆ ಹಾಗಲ್ಲ: ಕರ್ನಾಟಕದಲ್ಲಿ ರಾಜ್ಯ ಸರಕಾರಕ್ಕೆ, ಕೇರಳದಲ್ಲಿ ಸ್ಥಳೀಯ ಸಂಸ್ಥೆಗೆ ಸಲ್ಲುತ್ತದೆ. ಕೆಲಸ ಎಲ್ಲಿದೆಯೋ ಅಲ್ಲಿನ ನಿಯಮ ವಿಚಾರಿಸಿ.

ಹೆತ್ತವರೇ, ಮಗಳೋ ಮಗನೋ ಕೆಲಸಕ್ಕೆ ಸೇರುವ ಮುನ್ನ ಒಪ್ಪಂದದ ಕಾಗದವನ್ನು ಜೊತೆಯಲ್ಲಿ ಕುಳಿತು ಓದಿ. ಸಾಲದ ಕಂತು ತಪ್ಪದೆ ಹೋಗಬೇಕಾದರೆ ಈ ಲೆಕ್ಕ ಸರಿಯಿರಬೇಕು.